ಗಾಳಿ ಕುಡಿದ ಕುಸುಬಿ ಎಣ್ಣೆ

ಮನುಷ್ಯನಿಗೆ ಒಂದಿಷ್ಟು ಸೊಕ್ಕು ಇರಬೇಕು. ಇಲ್ಲದಿದ್ದರೆ ಬೆನ್ನು ನೆಟ್ಟಗೆ ನಿಲ್ಲುವುದಿಲ್ಲ. ನನಗೆ ನನ್ನ ಗಾಣದ ಕುಸುಬಿ ಎಣ್ಣೆಯ ಸೊಕ್ಕು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ಮುದ್ದೇಬಿಹಾಳದಲ್ಲಿ ಸ್ವಂತ ಗಾಣ ಹಾಕಿದರೆ ಸೊಕ್ಕು ಬರದೆ ನೆಗಡಿ ಬರುತ್ತದೆಯೆ? ಅಂಗಡಿಯ ಮುಂದೆ ಗಾಜಿನ ಭರಣಿಗಳಲ್ಲಿ ಎಣ್ಣೆ ತುಂಬಿ ಸಾಲಾಗಿ ಇಟ್ಟಿದ್ದೆ. ಬಿಸಿಲು ಹಾಯ್ದರೆ ಅಪ್ಪಟ ಬಂಗಾರ! ಸಿಂದಗಿ ಬಸ್ಸಿನವರೂ ಕತ್ತು ಹೊರಳಿಸಿ ನೋಡುತ್ತಿದ್ದರು. ಬಸ್ಸು ನಿಲ್ಲುತ್ತಿರಲಿಲ್ಲ, ಅದು ಬೇರೆ ಮಾತು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವ ಮಗಳು ಸುನಂದಾ ಮಾತ್ರ ಆ ಭರಣಿಗಳನ್ನು ಕಂಡರೆ ಮೂಗು ಮುರಿಯುತ್ತಿದ್ದಳು. "ಅಪ್ಪಾ, ಕುಸುಬಿ ಎಣ್ಣಿ ಗಾಳಿ ಕುಡಿತೈತಿ. ಬಿಸಲಾಗ ಇಟ್ರ ಇನ್ನೂ ಜಲ್ದಿ. ಕುಡದು ಕುಡದು ಕಮಟು ಹಿಡಿದು ವಿಷ ಆಕ್ಕೈತಿ."

"ಗಾಳಿ ಕುಡಿಯಾಕ ಎಣ್ಣಿಗೇನ್ ಬಾಯಿ ಐತೇನ?"

"ನಿನ್ನಷ್ಟ ಇಲ್ಲ ಬಿಡಪ್ಪಾ."

ಅಷ್ಟರಲ್ಲಿ ನಮ್ಮ ಓಣಿಯ ಖಾಜಾಬಿ ಅಕ್ಕ ಮಗಳ ಲಗ್ನಕ್ಕೆ ಎಣ್ಣೆ ನೋಡಲು ಬಂದರು. ಇಂಡಿ, ಬಾಗೇವಾಡಿ ಕಡೆಯಿಂದೆಲ್ಲ ಬೀಗರು ಬರುವ ಲಗ್ನ. ಅಡುಗೆಗೆ ನನ್ನ ಎಣ್ಣೆ ಬಿದ್ದರೆ ಊರೂರಿಗೆ ಹೆಸರು. ತಪ್ಪಿದರೆ ಎದುರಂಗಡಿಯ ಪಾಕೀಟು ಎಣ್ಣೆಯವನ ಮುಂದೆ ನನ್ನ ಮೀಸೆ ಮಣ್ಣುಪಾಲು. ಅಕ್ಕ ಭರಣಿಯ ಮುಚ್ಚಳ ತೆಗೆದು ಮೂಸಿದರು.

"ತಮ್ಮಾ, ಇದು ಎಣ್ಣಿನೋ, ಬಾಗಲಕ್ಕ ಹಚ್ಚೂ ವಾರ್ನಿಸೋ?"

"ಏನಂತೀರಿ ಅಕ್ಕಾರ! ಅಮೃತ ಐತ್ರಿ ಇದು!" ಎಂದವನೇ ಒಂದು ಚಮಚ ಕುಡಿದುಬಿಟ್ಟೆ. ಗಂಟಲಲ್ಲಿ ಹಳೆಯ ಚಪ್ಪಲಿ ಇಳಿದಂತಾಯಿತು. ಬಾಯಿ "ಆಹಾ!" ಎಂದಿತು, ಕಣ್ಣು ಮಾತ್ರ ದಳದಳ ನೀರು ಸುರಿಸಿ ನಿಜ ಹೇಳಿಬಿಟ್ಟಿತು.

ಅಕ್ಕ ಬಿದ್ದು ಬಿದ್ದು ನಕ್ಕರು. "ನಾಳಿತನಾ ಬದುಕಿದ್ರ ನನ್ನ ಕಣ್ಣಮುಂದ ಹೊಸಾದು ತಗಿ. ಆಮ್ಯಾಲೆ ನೋಡೂಣು."

ಬದುಕಿದೆ. ಹೊಟ್ಟೆಯ ಅವಸ್ಥೆಯನ್ನು ಮಾತ್ರ ಕೇಳಬೇಡಿ. ತಂಗಡಗಿಯ ಹೊಳೆಗೂ ಅಷ್ಟು ಸೆಳೆತವಿಲ್ಲ. ಮರುದಿನ ಅಕ್ಕನ ಎದುರೇ ಗಾಣ ತಿರುಗಿತು. ಸುನಂದಾ ಸ್ಟೀಲಿನ ಡಬ್ಬಿಗಳಿಗೆ ಗಾಳಿಗೆ ಜಾಗವಿಲ್ಲದಂತೆ ಬಾಯಿಮಟ ಎಣ್ಣೆ ತುಂಬಿ ಮುಚ್ಚಳ ಬಿಗಿದಳು. ಅಕ್ಕ ಹೊಸ ಎಣ್ಣೆಯ ಚಮಚವನ್ನು ನನ್ನ ಬಾಯಿಯ ಹತ್ತಿರವೇ ತಂದರು.

"ಹೂಂ, ಕುಡಿ ತಮ್ಮಾ."

ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಇವತ್ತ ಸೋಮವಾರ ಅಕ್ಕಾರ, ನಂದು ಉಪವಾಸ ಐತ್ರಿ."

"ಸುಳ್ಳ! ಇವತ್ತ ಬುಧವಾರ!" ಎಂದ ಸುನಂದಾ ಚಮಚ ಕಸಿದು ಗುಟಕ್ಕನೆ ಕುಡಿದಳು. ಅವಳ ಮುಖ ಅರಳಿಯೇ ಇತ್ತು.

"ಲಗ್ನದ ಎಣ್ಣಿ ಎಲ್ಲಾ ಈಕಿ ಕಡೇನ!" ಎಂದರು ಅಕ್ಕ.

ಊರೂರಿಗೆ ಹೆಸರಾದದ್ದೇನೋ ನಿಜ. ಈಗ ಇಂಡಿಯಿಂದ ಬಂದವರೂ, "ಸುನಂದಾನ ಗಾಣ ಇದೇನ?" ಎಂದು ನನ್ನನ್ನೇ ಕೇಳುತ್ತಾರೆ.

"ಹೌದ್ರಿ," ಎನ್ನುತ್ತೇನೆ. "ಮಾಲಕರು ಕಾಲೇಜಿಗೆ ಹೋಗ್ಯಾರ. ಕುಂದರ್ರಿ, ಬರ್ತಾರ."