ಜ್ವರಕ್ಕೆ ಕುಂತ ಮೀನು

ಅರವತ್ತರ ದಶಕದಲ್ಲಿ ಮೈಸೂರಿನಿಂದ ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದವಳು ನಾನು. ನಾನು ಒಂದು ಹೇಳಿದರೆ ಇಲ್ಲಿಯವರಿಗೆ ಇನ್ನೊಂದು ಕೇಳಿಸುತ್ತದೆ, ಅವರು ಹೇಳಿದ್ದು ನನಗೆ ಮತ್ತೊಂದಾಗುತ್ತದೆ. ಇದು ಈಗಲೂ ನಿಂತಿಲ್ಲ.

ತೀರ್ಥ

ತವರಿನಲ್ಲಿ ಸಾಕಿದ್ದ ಎಂಟು ಪುಟ್ಟ ಮೀನುಗಳನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ಹೊಸ ಗಾಜಿನ ಪೆಟ್ಟಿಗೆ ಯಜಮಾನರ ತೊಡೆಯ ಮೇಲೆ, ಬಾಯಿಗೆ ಬಿಳಿಬಟ್ಟೆ ಕಟ್ಟಿದ ಮೀನಿನ ಮಡಕೆ ನನ್ನ ತೊಡೆಯ ಮೇಲೆ. ಸುತ್ತ ಎಲ್ಲರೂ ಮಾದಪ್ಪನ ಬೆಟ್ಟಕ್ಕೆ ಹೊರಟವರು. ಪಕ್ಕದ ಅಜ್ಜಿ ಮಡಕೆಗೆ ಕೈಮುಗಿದು ಬೊಗಸೆ ಒಡ್ಡಿದರು. ಇದರಲ್ಲಿ ಮೀನಿದೆ ಎಂದೆ.

"ಒಳೆ ನೀರು ಅಂದ್ಮೇಲೆ ಮೀನಿಲ್ದೆ ಇದ್ದಾತಾ? ಒಸಿ ಕೊಡವ್ವ."

ಕೊಟ್ಟೆ. ಹಿಂದಿನ ಸೀಟಿನವರೂ ಕೈ ಚಾಚಿದರು. ಊರು ಮುಟ್ಟುವಷ್ಟರಲ್ಲಿ ಮೀನಿನ ಬೆನ್ನು ಮುಳುಗುವಷ್ಟು ನೀರು ಉಳಿದಿತ್ತು, ಯಜಮಾನರ ಕೈಗೆ ದಕ್ಷಿಣೆಯೂ ಬಂದಿತ್ತು.

ಒಟ್ಟು ಕುಟುಂಬ

ಅತ್ತೆ ಅಗರದವರು, ಹುಟ್ಟಿದಾಗಿನಿಂದ ರೇಷ್ಮೆ ಹುಳು ಸಾಕಿದವರು. ಈ ಮೀನುಗಳು ಗುಂಪಿನಲ್ಲಿದ್ದರೇ ಆರೋಗ್ಯ, ಒಂಟಿಯಾದರೆ ಬೆದರಿ ಊಟ ಬಿಡುತ್ತವೆ ಎಂದು ವಿವರಿಸಿದೆ. ಗಮನವಿಟ್ಟು ಕೇಳಿ ಮಗನನ್ನು ಕರೆದರು.

"ನೋಡ್ಲಾ, ಮೀನ್ಗೂ ಗೊತ್ತದೆ. ಬ್ಯಾರೆ ಮನೆ ಮಾಡುದ್ರೆ ಕೂಳು ಇಳಿಯಕಿಲ್ಲ."

ಬೇರೆ ಮನೆಯ ಮಾತನ್ನು ನಾವು ಎತ್ತಿರಲೇ ಇಲ್ಲ. ಆಮೇಲೆ ಎತ್ತುವ ಧೈರ್ಯವೂ ಬರಲಿಲ್ಲ.

ಜ್ವರ

ಹೊತ್ತುಹೊತ್ತಿಗೆ ಹುಳುವಿಗೆ ಸೊಪ್ಪು ಹಾಕಿ ರೂಢಿಯಾದ ಕೈ. ಅತ್ತೆ ಓಡಾಡಿದಾಗಲೆಲ್ಲ ಪೆಟ್ಟಿಗೆಗೆ ಕಡಲೆಹಿಟ್ಟು ಉದುರಿಸುತ್ತಿದ್ದರು. ನೀರು ಮಜ್ಜಿಗೆಯಾಯಿತು. ಒಂದು ಬೆಳಿಗ್ಗೆ ನೋಡಿದರೆ ಮೀನುಗಳೆಲ್ಲ ಬಣ್ಣಗೆಟ್ಟು ಮೂಲೆ ಹಿಡಿದಿವೆ. ತವರಿನಿಂದ ಜೊತೆಗೆ ಬಂದ ಜೀವಗಳು ಅವಷ್ಟೇ.

ಅತ್ತೆ ಬಗ್ಗಿ ನೋಡಿ, "ಜ್ವರಕ್ಕೆ ಕುಂತವೆ. ಏನೂ ಆಕ್ಬ್ಯಾಡ" ಎಂದರು.

ತೊಟ್ಟಿಯಲ್ಲಿ ಹಿಂದಿನ ದಿನವೇ ತುಂಬಿಟ್ಟಿದ್ದ ಬಾವಿ ನೀರಿತ್ತು. ಪೆಟ್ಟಿಗೆಯ ಅರ್ಧ ನೀರು ತೆಗೆದು ಅದನ್ನು ಸುರಿದು, ಆಸ್ಪತ್ರೆಗೆ ಓಡಿದೆ. ಮನೆಯಲ್ಲಿ ಎಂಟು ಜೀವಕ್ಕೆ ಜ್ವರ, ಒಂದೂ ಅಲುಗುತ್ತಿಲ್ಲ ಎಂದು ಕಾಂಪೌಂಡರಿಗೆ ಹೇಳಿದೆ. ಊರಿಗೇ ಏನೋ ರೋಗ ಬಡಿಯಿತೆಂದು ಅವರು ಚೀಲ ಹಿಡಿದು ಸೈಕಲ್ ಹತ್ತಿದರು. ನಾನು ಏದುಸಿರು ಬಿಡುತ್ತ ಮನೆ ಸೇರಿದಾಗ ಜಗಲಿಯಲ್ಲಿ ಕೂತು, ಅತ್ತೆ ಕೊಟ್ಟ ಕಾಫಿ ಕುಡಿಯುತ್ತ ನಗುತ್ತಿದ್ದರು.

"ಹುಳ ನಾಕು ಸಲ ಪೊರೆ ಬುಡಕೆ ಮೇವು ಬುಟ್ಟು ಸುಮ್ಕೆ ಕೂರ್ತವಲ್ಲ, ಅದ್ಕೆ ನಮ್ ಕಡೆ ಜ್ವರ ಅಂತೀವಿ ಕಣವ್ವ" ಎಂದರು ಕಾಂಪೌಂಡರು.

ಮೀನಿಗೆ ಪೊರೆಯೆಲ್ಲಿಂದ ಬರಬೇಕು? ಆದರೂ ಅತ್ತೆ ಹಿಟ್ಟು ನಿಲ್ಲಿಸಿದ್ದೇ ಸರಿಹೋಯಿತು. ಸಂಜೆಗೆ ನೀರು ತಿಳಿಯಾಗಿ ಎಂಟೂ ಒಟ್ಟಿಗೆ ಸುತ್ತತೊಡಗಿದವು. ಹೋದ ಜೀವ ಬಂದಂತಾಗಿ ಅತ್ತೆಯ ಕೈ ಹಿಡಿದು ಅತ್ತುಬಿಟ್ಟೆ.

ಅವರು ಸೆರಗಿನಿಂದ ನನ್ನ ಕಣ್ಣೊರೆಸಿ ಸಮಾಧಾನ ಹೇಳಿದರು. "ಅಳಬ್ಯಾಡ ಕಣವ್ವ. ಇದು ಮೊದ್ಲುನೆ ಜ್ವರ. ಇನ್ ಮೂರು ಜ್ವರ ಎದ್ರೆ ಗೂಡು ಕಟ್ತವೆ."