ಶಂಕ್ರಪ್ಪನ ಹಲ್ಲಿನ ಕಚ್ಚು

ಶಂಕ್ರಪ್ಪನ ಮೇಲಿನ ಸಾಲಿನ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಇತ್ತು. ಗುಳೇದಗುಡ್ಡದ ಓಣಿಯಲ್ಲಿ ಕೂತು ಇಪ್ಪತ್ತೆಂಟು ವರ್ಷ ಖಣದ ಕುಪ್ಪಸ ಹೊಲಿದವನು ಅವನು. ಹೊಲಿಗೆ ಮುಗಿದಾಗಲೆಲ್ಲ ದಾರವನ್ನು ಹಲ್ಲಿನಿಂದಲೇ ಕಡಿಯುತ್ತಿದ್ದ. ಬಾವಿಯ ಕಲ್ಲನ್ನು ಹಗ್ಗ ಕೊರೆದಂತೆ ದಾರ ಹಲ್ಲನ್ನು ಕೊರೆದಿತ್ತು. ಕತ್ತರಿ ಮೊಣಕಾಲ ಮೇಲೇ ಇದ್ದರೂ ಕೈ ಬಾಯಿಗೇ ಹೋಗುತ್ತಿತ್ತು. ಆ ಕಚ್ಚಿನಿಂದ ಶಂಕ್ರಪ್ಪನಿಗೆ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಇದ್ದದ್ದು ಪಕ್ಕದ ಮೊಬೈಲ್ ಅಂಗಡಿಯ ಪ್ರವೀಣಕುಮಾರನಿಗೆ.

"ಇವತ್ತ ಬಾಗಲಕೋಟ್ಯಾಗ ಕಾರ್ಡಿಗೆ ಫೋಟೋ ತೆಗಿತಾರ, ಶಂಕ್ರಣ್ಣ. ನೀ ಹಲ್ಲ ಬಿಟ್ಟರ ಇಲಿ ಕಡದ ರೊಟ್ಟಿಗತೆ ಕಾಣ್ತೀ. ಮೊದಲ ಡಾಕ್ಟರ ಕಡೆ ಹೋಗಿ ಆ ಕಚ್ಚ ತುಂಬಿಸೋಣು."

ಟೇಲರುಗಳಿಗೆ ಸರಕಾರ ಕೊಡುವ ಆ ಕಾರ್ಡು ಸಿಕ್ಕರೆ ಕರೆಂಟಿನ ಹೊಲಿಗೆ ಮಷಿನ್ ಪುಕ್ಕಟೆ. ಶಂಕ್ರಪ್ಪನ ಮೊಣಕಾಲು ಸವೆದಿದ್ದವು. ಇನ್ನು ಕಾಲಿನಿಂದ ಮಷಿನ್ ತುಳಿಯಬಾರದೆಂದು ದವಾಖಾನೆಯಲ್ಲಿ ಹೇಳಿ ಮೂರು ತಿಂಗಳಾಗಿತ್ತು. ಕರೆಂಟಿನ ಮಷಿನ್ ಬರದಿದ್ದರೆ ಅವನ ಕಸುಬು ಅಲ್ಲಿಗೇ ಮುಗಿದಂತೆ.

"ಬಾಯಿ ಮುಚ್ಚಿಕೊಂಡ ಫೋಟೋ ತಗಸ್ರಿ," ಎಂದಳು ಹೆಂಡತಿ ಬಸಲಿಂಗವ್ವ. "ಇಷ್ಟ ವರ್ಷ ದುಡದು ಗಳಿಸಿದ್ದು ಆ ಕಚ್ಚ ಒಂದ. ಅದನ್ನೂ ಕಳಕೋತೀರೇನು?"

"ನಿಮಗ ತಿಳಿಯಂಗಿಲ್ಲ ವೈನಿ," ಎಂದು ಪ್ರವೀಣಕುಮಾರ ನಕ್ಕ. ಅವನ ಮುಂದಿನ ಹಲ್ಲಿನ ಮೂಲೆಯೂ ಹಾರಿಹೋಗಿತ್ತು. ಹೋದ ಯುಗಾದಿಗೆ ಪಣ ಕಟ್ಟಿ ಹಲ್ಲಿನಿಂದ ಸೋಡಾ ಬಾಟಲಿಯ ಮುಚ್ಚಳ ತೆಗೆದದ್ದರ ಬಹುಮಾನ ಅದು. ಊರಿನ ಹಲ್ಲೆಲ್ಲ ಕಾಣುವವನಿಗೆ ತನ್ನದು ಕಾಣುತ್ತಿರಲಿಲ್ಲ. ಅಂಗಡಿಯಲ್ಲಿ ಊರವರ ಸರಕಾರಿ ಅರ್ಜಿ ತುಂಬಿಕೊಡುವಾಗ ತನ್ನ ಹೆಸರಿನದೊಂದನ್ನೂ ಹಾಕುವ ಚಟ ಬೇರೆ. ಜೇನುಪೆಟ್ಟಿಗೆಗೂ ಹಾಕಿದ್ದ, ಹೊಲಿಗೆ ಮಷಿನ್ನಿಗೂ ಹಾಕಿದ್ದ.

ಹತ್ತು ಗಂಟೆಗೆ ಇಬ್ಬರೂ ಬಾಗಲಕೋಟೆಯಲ್ಲಿ ಹಲ್ಲಿನ ಡಾಕ್ಟರು ವಿದ್ಯಾ ಅವರ ಮುಂದೆ ಕೂತಿದ್ದರು.

"ನೋವ ಐತೇನ್ರಿ?"

"ಇಲ್ರಿ."

"ಮತ್ಯಾಕ ಬಂದೀರಿ?"

ಶಂಕ್ರಪ್ಪ ಪ್ರವೀಣಕುಮಾರನ ಮುಖ ನೋಡಿದ.

"ಫೋಟೋ ಐತ್ರಿ ಮೇಡಮ್," ಎಂದ ಪ್ರವೀಣಕುಮಾರ.

ಇವತ್ತೇ ತುಂಬಿಸುವ ಅವಸರವೇನಿಲ್ಲ ಎಂದು ಡಾಕ್ಟರು ಹೇಳಿ ನೋಡಿದರು. ಪ್ರವೀಣಕುಮಾರನಿಗೆ ಅವಸರವಿತ್ತು. ಸಣ್ಣ ಕೊಕ್ಕೆ ಕಚ್ಚಿಗೆ ತಾಗಿದ್ದೇ ಶಂಕ್ರಪ್ಪ ಕುರ್ಚಿಯಿಂದ ಗೇಣುದ್ದ ಎದ್ದ. ಒಂದು ಇಂಜೆಕ್ಷನ್ ಕೊಡಬೇಕಾಯಿತು. ಅರ್ಧ ತಾಸಿನಲ್ಲಿ ಕಚ್ಚು ತುಂಬಿತು.

"ಇದ ಹಾಲಹಲ್ಲಲ್ಲ ಯಜಮಾನ್ರ, ಮುರದರ ಮತ್ತ ಹುಟ್ಟಂಗಿಲ್ಲ. ಇನ್ನ ಮ್ಯಾಲ ದಾರ ಕಡಿಯಬ್ಯಾಡ್ರಿ. ತುಟಿ ಜೋಮ ಹಿಡದಿರತೈತಿ, ಎರಡ ತಾಸ ಹುಷಾರ."

ಕನ್ನಡಿಯಲ್ಲಿ ಹಲ್ಲು ಸಾಬೂನಿನ ತುಂಡಿನಷ್ಟು ನೆಟ್ಟಗೆ ಕಂಡಿತು. ತನ್ನ ಮುಖದಲ್ಲಿ ಯಾರೋ ಬೇರೆಯವರು ನಗುತ್ತಿದ್ದಾರೆ ಅನ್ನಿಸಿತು ಶಂಕ್ರಪ್ಪನಿಗೆ.

ಕಾರ್ಡಿಗೆ ಅರ್ಜಿ ಹಾಕಿದವರ ಪರಿಶೀಲನೆ ಒಂದು ಸಭಾಭವನದಲ್ಲಿ ನಡೆದಿತ್ತು. ಹೋದ ವರ್ಷ ಸೂಜಿ ಹಿಡಿಯಲೂ ಬಾರದವರು ಮಷಿನ್ ಒಯ್ದು ಮಾರಿಕೊಂಡಿದ್ದರಂತೆ. ಹಾಗಾಗಿ ಈ ಸಲ ಬಂದ ಸಾಹೇಬರು ಯಾರನ್ನೂ ನಂಬುತ್ತಿರಲಿಲ್ಲ. ಬಿಳಿ ಬಟ್ಟೆ, ಸೂಜಿ, ದಾರ ಕೊಟ್ಟು ಹುಕ್ಕು ಹಚ್ಚಿ ತೋರಿಸಲು ಹೇಳಿದರು.

ಶಂಕ್ರಪ್ಪ ಮೂರು ನಿಮಿಷದಲ್ಲಿ ಹಚ್ಚಿದ. ಕೈ ತಾನಾಗಿ ಬಾಯಿಗೆ ಹೋಯಿತು. ದಾರ ನುಣ್ಣನೆಯ ಹಲ್ಲಿನ ಮೇಲೆ ಜಾರಿತು. ಮತ್ತೆ ಗಟ್ಟಿಯಾಗಿ ಕಡಿದ. ಹಲ್ಲಿಗೆ ಸಿಕ್ಕದ್ದು ದಾರವಲ್ಲ, ಅವನದೇ ಮೇಲ್ತುಟಿ. ಜೋಮಿನಲ್ಲಿ ಅವನಿಗದು ಗೊತ್ತಾಗಲಿಲ್ಲ. ಬಿಳಿ ಬಟ್ಟೆಯ ಮೇಲೆ ರಕ್ತ ಬಿದ್ದಾಗ, ಯಾರದಪ್ಪಾ ಇದು ಎಂದು ಅಕ್ಕಪಕ್ಕ ನೋಡಿದ.

"ದಾರ ಕಡಿಯಾಕ ಹೋಗಿ ತುಟಿ ಕಡಕೊಂಡೆಲ್ಲೋ ಮಾರಾಯ!" ಎಂದರು ಸಾಹೇಬರು. "ಹೊಲಗಿ ಚಲೋ ಐತಿ. ಆದರ ಈಗ ಫೋನ್ ನೋಡಿ ಎರಡ ದಿನದಾಗ ಎಲ್ಲಾರೂ ಇಷ್ಟ ಕಲೀತಾರ. ನಮ್ಮಪ್ಪ ನಲವತ್ತ ವರ್ಷ ಟೇಲರ್ ಇದ್ದ. ಖರೆ ಟೇಲರ್ ಯಾರಂತ ಹಲ್ಲ ಹೇಳತೈತಿ. ಬಾಯಿ ತೆಗಿ."

ಟಾರ್ಚು ಹತ್ತಿತು. ಹಲ್ಲು ಹೊಳೆಯಿತು.

"ಇಪ್ಪತ್ತೆಂಟ ವರ್ಷ ಅಂತ ಬರದೀ. ಎಲ್ಲೈತಿ ಕಚ್ಚು?"

"ಮುಂಜಾನಿ... ತುಂಬಿಸೇನ್ರಿ..." ಶಂಕ್ರಪ್ಪನ ಮಾತಿಗಿಂತ ಜೊಲ್ಲು ಮೊದಲು ಬಂತು.

"ಪರೀಕ್ಷಾ ದಿನಾನ ತನ್ನ ಸಾಕ್ಷಿ ತಾನ ಅಳಸೋ ಹುಚ್ಚ ಯಾರಿದ್ದಾರು?"

ಪ್ರವೀಣಕುಮಾರನಿಗೆ ತಡೆಯಲಾಗಲಿಲ್ಲ. "ಖರೇನ ಟೇಲರ್ ಅದಾನ್ರೀ ಸರ! ನಾನ ಕರಕೊಂಡ ಹೋಗಿ ತುಂಬಿಸೇನಿ!"

"ನಿನ್ನ ಯಾರ ಕೇಳಿದ್ರು? ನಿಂದೂ ಅರ್ಜಿ ಐತೇನು? ಬಾ, ಬಾಯಿ ತೆಗಿ."

ಅವನು ಬಾಯಿ ತೆರೆದ. ಸಾಹೇಬರು ಟಾರ್ಚನ್ನು ಹತ್ತಿರ ಹಿಡಿದರು. ಉಗುರಿನಿಂದ ಹಲ್ಲಿನ ಮೂಲೆ ಮುಟ್ಟಿದರು. ಅವರ ಕಣ್ಣು ಒದ್ದೆಯಾದವು.

"ನಮ್ಮಪ್ಪನ ಹಲ್ಲು," ಎಂದರು. "ಥೇಟ್ ನಮ್ಮಪ್ಪನ ಹಲ್ಲು."

"ಸರ, ಅದು ಸೋಡಾ..."

"ನೀರು, ಸೋಡಾ ಆಮ್ಯಾಲ ಕುಡಿಯಂತಿ. ಫೋಟೋಕ್ಕ ನಿಲ್ಲು. ಮುಂದಿನವರು ಬರ್ರಿ!"

ಸಂಜೆ ಶಂಕ್ರಪ್ಪ ಹಳೆಯ ಮಷಿನ್ನಿನ ಮುಂದೆ ಕೂತಿದ್ದ. ತುಟಿಗೆ ಜೀವ ಬಂದಿತ್ತು, ಜೀವದ ಜೊತೆ ನೋವೂ ಬಂದಿತ್ತು. ಬಸಲಿಂಗವ್ವ ಅವನ ತುಟಿ ನೋಡಿದಳು, ನಡೆದದ್ದನ್ನೆಲ್ಲ ಕೇಳಿಕೊಂಡು ಗಂಜಿ ತಂದಿಟ್ಟಳು. ನಾಳೆ ಕೊಡಬೇಕಾದ ಕುಪ್ಪಸಕ್ಕೆ ಹುಕ್ಕು ಹಚ್ಚುವುದಿತ್ತು. ಹಚ್ಚಿದ. ಕೈ ಬಾಯಿಗೆ ಹೋಯಿತು.

ಟಕ್.

ಖಣದ ಮೇಲೆ ಜೋಳದ ನುಚ್ಚಿನಷ್ಟು ಬಿಳಿ ಚೂರು ಬಿತ್ತು. ನಾಲಗೆ ಆಡಿಸಿದ. ಕಚ್ಚು ತನ್ನ ಜಾಗಕ್ಕೆ ಬಂದಿತ್ತು.

"ಹೋಗಿ ತೋರಸಿ ಬರ್ರಿ!" ಎಂದಳು ಬಸಲಿಂಗವ್ವ.

"ಪಟ್ಟಿ ಮ್ಯಾಲ ಸಹಿ ಆತು. ಸಾಹೇಬ್ರು ಹ್ವಾದ್ರು."

ಅಷ್ಟರಲ್ಲಿ ಬಾಗಿಲಲ್ಲಿ ಪ್ರವೀಣಕುಮಾರ ನಿಂತಿದ್ದ. ಕೈಯಲ್ಲಿ ಕಾರ್ಡು. ಫೋಟೋದಲ್ಲಿ ಮುರುಕು ಹಲ್ಲು ನಗುತ್ತಿತ್ತು, ಬಾಗಿಲಲ್ಲಿದ್ದ ಮುಖ ನಗುತ್ತಿರಲಿಲ್ಲ.

"ನಾ ಎಷ್ಟ ಹೇಳಿದ್ರೂ ಕೇಳಲಿಲ್ಲಪಾ ಅವರು. ಮಷಿನ್ ನಿನಗ ಕೊಟ್ಟಬಿಡೋಣು ಅಂದ್ರ, ಬ್ಯಾರೇದವರ ಮನ್ಯಾಗ ಸಿಕ್ಕರ ಕೇಸ್ ಹಾಕ್ತಾರಂತ." ಹೊಸ್ತಿಲಲ್ಲೇ ಕೂತು ತಲೆ ತಗ್ಗಿಸಿದ. "ಮುಂದಿನ ವಾರ ನಮ್ಮ ಮನಿಗೆ ಬಂದು ಹೊಲಿಯೂದ ನೋಡ್ತಾರಂತ. ಶಂಕ್ರಣ್ಣ... ದಾರ ಪೋಣಸೂದ ಹೆಂಗ, ಒಂದ ಸರ್ತಿ ತೋರಸ್ತಿ?"

ಶಂಕ್ರಪ್ಪ ಕುಪ್ಪಸವನ್ನು ಪಕ್ಕಕ್ಕಿಟ್ಟ. ಆಮೇಲೆ ರೀಲಿನಿಂದ ಮೊಳದುದ್ದ ದಾರ ಎಳೆದು ಕಚ್ಚಿಗಿಟ್ಟು ಕಡಿದ. ಒಂದು ಎಳೆಯೂ ಚದುರದೆ ದಾರ ನೀಟಾಗಿ ತುಂಡಾಯಿತು. ಅದನ್ನು ಪ್ರವೀಣಕುಮಾರನ ಕೈಗೆ ಕೊಟ್ಟ.