ರ‍್ಯಾಂಪಿಗಾಗಿ ಮಹಡಿ ಹತ್ತಿದ ಪ್ರಸಂಗ

ಈ ಸಂಗತಿ ಹೇಳಬೇಕೆಂದುಕೊಂಡು ಬಹಳ ದಿನವಾಯಿತು. ಹೊಸ ಕನ್ನಡಕ ಬರಲಿ ಎಂದು ಒಮ್ಮೆ ಮುಂದೂಡಿದೆ, ಮಳೆಗಾಲ ಕಳೆಯಲಿ ಎಂದು ಇನ್ನೊಮ್ಮೆ. ಕನ್ನಡಕ ಬಂತು, ಮಳೆಗಾಲವೂ ಕಳೆಯಿತು. ನೆಪಗಳು ಮುಗಿದುಹೋದವು.

ನಾನು ಚಾಮರಾಜನಗರ–ಗುಂಡ್ಲುಪೇಟೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಓದಿದ್ದು ಎಸ್ಸೆಸ್ಸೆಲ್ಸಿ, ಗಂಟಲು ಮಾತ್ರ ಡಬಲ್ ಡಿಗ್ರಿ. ನಿವೃತ್ತನಾಗಿ ನೆಲೆಸಿದ ಊರಿನ ಹೆಸರು ಬರೆದು ಜಗಳ ತರಿಸಿಕೊಳ್ಳಲಾರೆ. ಅಲ್ಲಿನ ಪುರಸಭೆಗೆ ಕಟ್ಟಡ ದುರಸ್ತಿಗೆಂದು ಹಣ ಬಂತು. ಮೆಟ್ಟಿಲು ಹತ್ತಲಾಗದವರಿಗೆ ಅನುಕೂಲ ಮಾಡಬೇಕೋ, ಕಟ್ಟಡದ ಮುಖಕ್ಕೆ ಗಾಜು ಹೊದಿಸಬೇಕೋ ಎಂದು ತೀರ್ಮಾನಿಸಲು ಸಾರ್ವಜನಿಕರ ಸಭೆ ಕರೆದರು. ಎಲ್ಲಿ? ಮಹಡಿಯ ಮೇಲೆ! ಮೆಟ್ಟಿಲು ಹತ್ತಲಾಗದವರ ಕಷ್ಟ ಎತ್ತರದಿಂದ ನೋಡಿದರೆ ಪೂರ್ತಿ ಕಾಣುತ್ತದೆ ಎಂದಿರಬೇಕು.

ನಮ್ಮ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಹೆಂಗಸೊಬ್ಬರು ಮೂರು ಚಕ್ರದ ಸ್ಕೂಟರಿನಲ್ಲಿ ಬಂದು ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದರು. ಚಿಕ್ಕಂದಿನಿಂದ ಕಾಲಿಗೆ ಬಲವಿಲ್ಲ. ಊರಿಗೆಲ್ಲ ಅವರು ಟೈಲರಮ್ಮ.

“ಅಣ್ಣಾ, ನಿಮ್ದು ದೊಡ್ಡ ಗಂಟ್ಲು. ಮೇಲೋಗಿ ಒಂದ್ ಮಾತ್ ಯೋಳ್ಬುಡಿ. ಅಂಗ್ಡಿ ಲೈಸೆನ್ಸ್‌ಗೆ ಸಾಹೇಬ್ರ ಎದ್ರುಗೇ ಸೈನ್ ಮಾಡ್ಬೇಕಂತ ವರ್ಷ ವರ್ಷ ನನ್ನ ಕುರ್ಚಿ ಸಮೇತ ರಾಗಿ ಮೂಟೆ ಎತ್ತುದಂಗೆ ಎತ್ಕ ಓಯ್ತರ. ನಾಚ್ಕ ಆಯ್ತದ ಕಣಣ್ಣ. ಒಂದ್ ರ‍್ಯಾಂಪ್ ಕಟ್ಲಿ, ಸೈನ್ ಮಾಡ್ಸೋ ಟೇಬಲ್ ಕೆಳಕ್ಕಾಕ್ಲಿ. ಈ ಸಲ ನಾನು ಎತ್ತುಸ್ಕಳಲ್ಲ. ಅಂಗ್ಡಿ ಮುಚ್ಚುದ್ರೂ ಸರಿಯೇ!”

“ಬುಡು ತಾಯಿ, ತುಂಬಿದ್ ಬಸ್ನಲ್ಲಿ ಲಾಸ್ಟ್ ಸೀಟ್‌ಗೆ ಕೇಳುಸ್ದೋನು ನಾನು. ಇದೇನ್ ಮಹಾ!” ಎಂದು ಹತ್ತಿದೆ.

“ವಿಶೇಷಚೇತನರ ಪರವಾಗಿ ಯಾರು ಬಂದಿದ್ದೀರಿ?” ಎಂದು ಬಾಗಿಲಲ್ಲೇ ಕೇಳಿದರು. ಕೈ ಎತ್ತಿದೆ. ತಕ್ಷಣ ವೇದಿಕೆಗೆ ಕರೆದು, ಹಾರ ಹಾಕಿ, ಶಾಲು ಹೊದಿಸಿ, ತಲೆಗೆ ಮೈಸೂರು ಪೇಟ ಇಟ್ಟೇಬಿಟ್ಟರು! ಬರಬೇಕಿದ್ದ ಗಣ್ಯರೊಬ್ಬರು ಬಾರದೆ ಪೇಟ ಉಳಿದಿತ್ತಂತೆ. ಶಾಲು ಹೊದ್ದವನ ಬಾಯಿಂದ ವಿರೋಧ ಹೊರಡುವುದಿಲ್ಲ. ಅದಕ್ಕೇ ನಮ್ಮಲ್ಲಿ ಮೊದಲು ಸನ್ಮಾನ, ಆಮೇಲೆ ಚರ್ಚೆ.

ಆದರೂ ರ‍್ಯಾಂಪಿನ ವಿಷಯ ಎತ್ತಿದೆ. ಸದಸ್ಯರೊಬ್ಬರು ಮೇಜು ಗುದ್ದಿದರು.

“ಊಟಿಗೋಗೋರೆಲ್ಲ ಇದೇ ರೋಡಲ್ಲಿ ಓಯ್ತರ. ಮುಂದ್ಗಡೆ ನೀಲಿ ಗಾಜು ಆಕುದ್ರೆ ನಿಂತ್ಕಂಡು ಸೆಲ್ಫಿ ತಗತರ. ರ‍್ಯಾಂಪ್ ಮುಂದೆ ಯಾವೋನ್ಲಾ ಸೆಲ್ಫಿ ತಗಂಡಾನು?”

ಇನ್ನೊಬ್ಬರು ನ್ಯಾಯವಂತರು. “ಎಷ್ಟು ಅಗಲ ಬೇಕಂತೆ, ಕೇಳ್ಕ ಬನ್ನಿ” ಎಂದರು. ಪೇಟ ಸಮೇತ ಇಳಿದೆ. “ನನ್ ಸ್ಕೂಟರ್ ಇಡ್ಸೋವಷ್ಟು” ಎಂದರು ಟೈಲರಮ್ಮ. ಹತ್ತಿದೆ. “ಯಾವ ಕಡೆ ಬೇಕಂತೆ?” ಇಳಿದೆ. “ಬಾಗ್ಲಿಗೆ ನೇರುಕ್ಕೆ.” ಹತ್ತಿದೆ. “ಅಲ್ಲಿ ಅಧ್ಯಕ್ಷರ ಕಾರು ನಿಲ್ತದಲ್ಲ, ಅದಕ್ಕೇನಂತೆ?”

ಈ ಪ್ರಶ್ನೆಗೆ ನನ್ನ ಮೊಣಕಾಲು ಒಪ್ಪಲಿಲ್ಲ. ಕೆಳಗಿರುವವರ ಅಭಿಪ್ರಾಯವನ್ನು ಮೇಲೆ ಕೂತೇ ಹೇಳುವುದೆಂದು ನಿರ್ಧರಿಸಿದೆ. ನಮ್ಮ ದೇಶದಲ್ಲಿ ಇದೇನು ಹೊಸದಲ್ಲ.

“ಕಾರಿನ ವಿಷ್ಯ ಇರ್ಲಿ, ಆಯಮ್ಮ ಇಷ್ಟು ವರ್ಷ ಮೇಲಕ್ಕೆ ಹೇಗೆ ಬರ್ತಿದ್ರು?” ಎಂದು ಅಧ್ಯಕ್ಷರು ಕೇಳಿದರು.

ಅಷ್ಟರಲ್ಲಿ ನನ್ನ ಕೈಗೆ ಗೋಡಂಬಿ ತಟ್ಟೆ, ಬಾದಾಮಿ ಹಾಲು ಬಂದಿತ್ತು. ತಿನ್ನಿಸಿದವರ ಮನಸ್ಸು ನೋಯಿಸುವುದೇ? “ತೊಂದ್ರೆ ಏನೂ ಇಲ್ಲ ಸಾರ್. ಇಲ್ಲಿ ಸಿಬ್ಬಂದಿ ದೇವ್ರಂತೋರು. ಕುರ್ಚಿ ಸಮೇತ ಎತ್ಕಂಡೇ ಬತ್ತರ!” ಎಂದೆ.

ಚಪ್ಪಾಳೆಯೋ ಚಪ್ಪಾಳೆ! ಠರಾವು ಸರ್ವಾನುಮತದಿಂದ ಪಾಸಾಯಿತು. ಹಣವೆಲ್ಲ ನೀಲಿ ಗಾಜಿಗೆ. ವಿಶೇಷಚೇತನರನ್ನು ಎತ್ತಿ ತರಲು ಹಿಡಿಕೆಯಿರುವ ಗಟ್ಟಿ ಕುರ್ಚಿಯೊಂದು. ಸೂಚಿಸಿದವರು: ಸನ್ಮಾನಿತರು. ಅಂದರೆ ನಾನು!

ಸಭೆ ಮುಗಿದು ಏಳಲು ನೋಡಿದರೆ ಮೊಣಕಾಲು ಹಿಡಿದುಕೊಂಡಿದೆ. “ಎತ್ರಲಾ ನಮ್ ಸನ್ಮಾನಿತರ‍್ನ!” ಎಂದು ಆ ಗಾಜಿನ ಸದಸ್ಯರು ಕೂಗಿದರು. ಹಾರ, ಶಾಲು, ಪೇಟಗಳ ಸಮೇತ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನ ಮೆರವಣಿಗೆ ಇಳಿಯಿತು. ಸಿಬ್ಬಂದಿ ದೇವರಂಥವರೇ, ಆದರೆ ತಿರುವಿನಲ್ಲಿ ನನ್ನ ಮೊಣಕೈಯನ್ನು ಗೋಡೆಗೆ ತಿಕ್ಕಿದರು. ರಾಗಿ ಮೂಟೆಗೆ ಹೇಗನ್ನಿಸುತ್ತದೆ ಎಂದು ಆಗ ತಿಳಿಯಿತು. ಟೀ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಟೈಲರಮ್ಮ ನಗಲಿಲ್ಲ.

“ಏನಾಯ್ತಣ್ಣ?”

“ಒಳ್ಳೇದೇ ಆಯ್ತು ತಾಯಿ. ಕುರ್ಚಿ… ಕುರ್ಚಿ ಮಂಜೂರಾಯ್ತು.”

ಅವರು ನನ್ನನ್ನೇ ನೋಡಿದರು. “ಪೇಟ ಬಿದ್ದೋಯ್ತದ, ಇಡ್ಕಳಿ” ಎಂದಷ್ಟೇ ಹೇಳಿ ಸ್ಕೂಟರ್ ತಿರುಗಿಸಿದರು.

ಹೇಳಿದಂತೆಯೇ ಅಂಗಡಿ ಮುಚ್ಚಿದರು. ಈಗ ಮನೆಯಲ್ಲೇ, ಬೋರ್ಡಿಲ್ಲದೆ, ಹಳೆಯ ಗಿರಾಕಿಗಳಿಗಷ್ಟೇ ಹೊಲಿಯುತ್ತಾರೆ. ನನ್ನ ಹೆಂಡತಿ ರವಿಕೆ ಕೊಡಲು ಹೋದರೆ ನಾನು ಬೀದಿಯ ತಿರುವಿನಲ್ಲೇ ನಿಲ್ಲುತ್ತೇನೆ.

“ತಪ್ಪಾಯ್ತು ಅನ್ನಕ್ಕೆ ಏನ್ ದಾಡಿ ನಿಮ್ಗೆ? ಚಿಲ್ರೆ ಇಲ್ದೋರ‍್ಗೆಲ್ಲ ಬಯ್ಯಕ್ಕೆ ಬಾಯಿತ್ತಲ್ಲ!” ಎಂದು ಮೊನ್ನೆ ತರಾಟೆಗೆ ತೆಗೆದುಕೊಂಡಳು.

“ಮಂಡಿ ನೋವು ಕಣೆ…”

“ಅವ್ರ ಮನೆಗೆ ಮೆಟ್ಲೇ ಇಲ್ವಲ್ಲ!”

ನಿಜ, ಒಂದು ಮೆಟ್ಟಿಲೂ ಇಲ್ಲ. ಅಷ್ಟನ್ನೂ ಹತ್ತಲಾರದೆ ಇಲ್ಲಿ ಕೂತು ಬರೆಯುತ್ತಿದ್ದೇನೆ. ಅಂದು ಸಭೆಯಲ್ಲಿ ಅವರ ಹೆಸರೇನೆಂದು ಯಾರೂ ಕೇಳಲಿಲ್ಲ. ಅವರ ಪರವಾಗಿ ಪೇಟ ತೊಟ್ಟು ಕೂತಿದ್ದ ನನಗೂ ಹೇಳಬೇಕೆನಿಸಲಿಲ್ಲ. ಹೆಸರು ಚಿಕ್ಕತಾಯಮ್ಮ.